ಖಾಲಿ ಪಟ್ಟಿಯನ್ನು ನಂಬಿದ ಪ್ರೋಗ್ರಾಂ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇಲ್ಲಿ ವಿವರಿಸುವ ಘಟನಾವಳಿ ನಡೆದದ್ದು ಸದಸ್ಯತ್ವದ ಆಧಾರದ ಮೇಲೆ ಆನ್‌ಲೈನ್ ಸೇವೆ ಒದಗಿಸುವ ಒಂದು ಸಂಸ್ಥೆಯಲ್ಲಿ. ಗುರುತು ಸಿಗದಂತೆ ಸೇವೆಯ ಸ್ವರೂಪವನ್ನೂ ಕೋಡಿನಲ್ಲಿದ್ದ ಹೆಸರುಗಳನ್ನೂ ಬದಲಿಸಲಾಗಿದೆ. ಕೋಡಿನ ತರ್ಕವನ್ನು ಮತ್ತು ನಿರ್ಧಾರಗಳು ಬಂದ ಅನುಕ್ರಮವನ್ನು ಮಾತ್ರ ಇದ್ದಂತೆಯೇ ಇಡಲಾಗಿದೆ.

ಸಂಸ್ಥೆಯಲ್ಲಿ ಎರಡು ವ್ಯವಸ್ಥೆಗಳಿದ್ದವು. ಒಂದು ನೋಂದಣಿ ವ್ಯವಸ್ಥೆ. ಯಾರು ಸದಸ್ಯರು, ಯಾವ ವಿಭಾಗಕ್ಕೆ ಸೇರಿದವರು ಎಂಬುದಕ್ಕೆ ಅದೇ ಅಧಿಕೃತ ಆಕರ, ಮತ್ತು ಅದನ್ನು ನೋಡಿಕೊಳ್ಳುತ್ತಿದ್ದುದು ಬೇರೊಂದು ತಂಡ. ಇನ್ನೊಂದು, ಸದಸ್ಯರು ಲಾಗಿನ್ ಆಗಿ ಬಳಸುವ ಪೋರ್ಟಲ್. ಇವೆರಡನ್ನೂ ಹೊಂದಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಂ ಪ್ರತಿ ರಾತ್ರಿ ಓಡುತ್ತಿತ್ತು. ಅದು ಒಂದೊಂದೇ ವಿಭಾಗವನ್ನು ತೆಗೆದುಕೊಂಡು, ನೋಂದಣಿ ವ್ಯವಸ್ಥೆಯಿಂದ ಆ ವಿಭಾಗದ ಸದಸ್ಯರ ದಾಖಲೆಗಳನ್ನು ಪುಟ ಪುಟವಾಗಿ ತರಿಸಿಕೊಂಡು, ದಾಖಲೆಗಳು ಸರಿಯಾದ ರೂಪದಲ್ಲಿವೆಯೇ ಎಂದು ಪರಿಶೀಲಿಸಿ, ಪೋರ್ಟಲಿನ ಖಾತೆಗಳೊಂದಿಗೆ ಹೋಲಿಸುತ್ತಿತ್ತು. ನೋಂದಣಿಯಲ್ಲಿದ್ದು ಪೋರ್ಟಲಿನಲ್ಲಿ ಇಲ್ಲದವರಿಗೆ ಹೊಸ ಖಾತೆ ತೆರೆಯುವುದು, ಪೋರ್ಟಲಿನಲ್ಲಿದ್ದು ನೋಂದಣಿಯಲ್ಲಿ ಇಲ್ಲದವರ ಖಾತೆಯನ್ನು ನಿಷ್ಕ್ರಿಯಗೊಳಿಸುವುದು, ಇಷ್ಟೇ ಅದರ ಕೆಲಸ. ಆದರೆ ನಿಷ್ಕ್ರಿಯಗೊಳಿಸುವ ಹೆಜ್ಜೆಗೆ ಬಾಲಗಳಿದ್ದವು: ಸದಸ್ಯರಿಗೆ ಇಮೇಲ್ ಹೋಗುತ್ತಿತ್ತು, ಅವರು ಕಾಯ್ದಿರಿಸಿಕೊಂಡಿದ್ದ ಜಾಗಗಳು ರದ್ದಾಗಿ ಕಾಯುವ ಸಾಲಿನಲ್ಲಿದ್ದ ಇತರರಿಗೆ ಸಿಗುತ್ತಿದ್ದವು. ಖಾತೆಯನ್ನು ಮರಳಿ ತೆರೆಯಬಹುದು; ಬೇರೆಯವರಿಗೆ ಹೋದ ಜಾಗವನ್ನು ಮರಳಿ ಕಿತ್ತುಕೊಳ್ಳಲಾಗದು.

ಪ್ರೋಗ್ರಾಂ ಸರಳವಾಗಿತ್ತು, ಹಲವು ವರ್ಷ ತೊಂದರೆ ಕೊಟ್ಟಿರಲಿಲ್ಲ. ಹಾಗಾಗಿಯೇ ಅದನ್ನು ಯಾರೂ ಮತ್ತೆ ಓದಿ ನೋಡಿರಲಿಲ್ಲ.

ಸಮಸ್ಯೆ

ಒಂದು ರಾತ್ರಿ ದೊಡ್ಡ ವಿಭಾಗವೊಂದರ ಎಲ್ಲ ಖಾತೆಗಳೂ ನಿಷ್ಕ್ರಿಯವಾದವು. ಬೆಳಗ್ಗೆ ದೂರುಗಳು ಬಂದ ಮೇಲೆ ತಂಡದವರು ಲಾಗ್ (ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಕಡತ) ತೆರೆದರೆ ಅಲ್ಲಿ ಒಂದೇ ಒಂದು ದೋಷದ ಸಾಲೂ ಇರಲಿಲ್ಲ. ಇದ್ದದ್ದು ಇಷ್ಟು:

“ಪಡೆದ ದಾಖಲೆಗಳು: 0. ಪರಿಶೀಲನೆ: ಎಲ್ಲ ದಾಖಲೆಗಳೂ ಸರಿಯಾಗಿವೆ. ಹೊಸ ಖಾತೆಗಳು: 0. ನಿಷ್ಕ್ರಿಯ ಪ್ರಕ್ರಿಯೆ ಪೂರ್ಣ.”

ಈ ನಾಲ್ಕು ವಾಕ್ಯಗಳನ್ನು ನಿಧಾನವಾಗಿ ಓದಿದರೆ ಅವಘಡದ ಪೂರ್ತಿ ಯಂತ್ರರಚನೆ ಅದರಲ್ಲೇ ಕಾಣುತ್ತದೆ. ನೋಂದಣಿ ವ್ಯವಸ್ಥೆಯ ಸರ್ವರ್ ಆ ಹೊತ್ತಿನಲ್ಲಿ ಉತ್ತರ ಕೊಡದೆ ಟೈಮ್‌ಔಟ್ ಆಗಿತ್ತು. ದಾಖಲೆ ತರುವ ಫಂಕ್ಷನ್ (ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಂಡು) ಇದರಿಂದ ಎದ್ದ ಎಕ್ಸೆಪ್ಶನ್ ಅನ್ನು, ಅಂದರೆ ದೋಷದ ಸೂಚನೆಯನ್ನು, ಹಿಡಿದು, ಕರೆದವರಿಗೆ ಖಾಲಿ ಪಟ್ಟಿಯನ್ನು ಕೊಟ್ಟಿತ್ತು. ಪರಿಶೀಲಿಸುವ ಫಂಕ್ಷನ್, ಎಲ್ಲ ಅಂಶಗಳೂ ಷರತ್ತಿಗೆ ಹೊಂದುತ್ತವೆಯೇ ಎಂದು ಕೇಳುವ ಪೈಥಾನ್‌ನ ‘ಆಲ್’ ಅನ್ನು ಬಳಸುತ್ತಿತ್ತು. ಖಾಲಿ ಪಟ್ಟಿಗೆ ‘ಆಲ್’ ಕೊಡುವ ಉತ್ತರ ‘ಟ್ರೂ’, ಅಂದರೆ ಹೌದು. ಇದು ಪೈಥಾನ್‌ನ ವಿಚಿತ್ರವೇನಲ್ಲ. ಒಂದು ಗಣದ ‘ಎಲ್ಲ ಅಂಶಗಳೂ ಹೀಗಿವೆ’ ಎಂಬ ಹೇಳಿಕೆಯನ್ನು ಸುಳ್ಳು ಮಾಡಲು ಕನಿಷ್ಠ ಒಂದು ವಿರುದ್ಧ ಉದಾಹರಣೆ ಬೇಕು, ಖಾಲಿ ಗಣದಲ್ಲಿ ಅದು ಸಿಗುವುದಿಲ್ಲ. ಆದ್ದರಿಂದ ತರ್ಕಶಾಸ್ತ್ರದ ಪ್ರಕಾರ ಆ ಹೇಳಿಕೆ ಸತ್ಯ. ಜಾವಾಸ್ಕ್ರಿಪ್ಟ್‌ನ ‘ಎವೆರಿ’, ಜಾವಾದ ‘ಆಲ್‌ಮ್ಯಾಚ್’ ಕೂಡ ಹೀಗೆಯೇ ಉತ್ತರಿಸುತ್ತವೆ. ಕೊನೆಗೆ ಹೋಲಿಕೆಯ ಹೆಜ್ಜೆ: ಪೋರ್ಟಲಿನ ಖಾತೆಗಳಿಂದ ನೋಂದಣಿಯ ಪಟ್ಟಿಯನ್ನು ಕಳೆದರೆ ಉಳಿಯುವವರು ‘ಹೊರಗೆ ಹೋದವರು’. ಶೂನ್ಯವನ್ನು ಕಳೆದಾಗ ಎಲ್ಲರೂ ಉಳಿದರು. ಎಲ್ಲರೂ ಹೊರಗೆ ಹೋದವರಾದರು.

ಒಂದೊಂದು ಫಂಕ್ಷನನ್ನೂ ಬಿಡಿಯಾಗಿ ನೋಡಿದರೆ ಯಾವುದರಲ್ಲೂ ತಪ್ಪು ಹುಡುಕುವುದು ಕಷ್ಟ. ‘ಆಲ್’ ಸರಿಯಾಗಿ ಉತ್ತರಿಸಿತು, ಕಳೆಯುವ ಲೆಕ್ಕ ಸರಿಯಾಗಿತ್ತು, ಆದೇಶವನ್ನು ಜಾರಿಗೊಳಿಸಿದ ಫಂಕ್ಷನ್ ತನಗೆ ಹೇಳಿದ್ದನ್ನು ಮಾಡಿತು.

ಇದ್ದೂ ಇಲ್ಲದಂತಿದ್ದ ಕಾವಲು

ಕುತೂಹಲದ ವಿಷಯವೆಂದರೆ ಕೋಡಿನಲ್ಲಿ ಒಂದು ಕಾವಲು ಇತ್ತು. ದಾಖಲೆಗಳನ್ನು ತಂದ ತಕ್ಷಣ ‘ಇಫ್ ರೆಕಾರ್ಡ್ಸ್ ಈಸ್ ನನ್’ (ಬಂದದ್ದು ‘ನನ್’, ಅಂದರೆ ಪೈಥಾನ್‌ನಲ್ಲಿ ‘ಏನೂ ಇಲ್ಲ’ ಎಂಬುದರ ಗುರುತೇ) ಎಂದು ಕೇಳಿ, ಹೌದಾದರೆ ಕೆಲಸ ನಿಲ್ಲಿಸುವ ಸಾಲುಗಳಿದ್ದವು. ಅದು ಅಲ್ಲಿಗೆ ಬಂದ ಬಗೆಯನ್ನು ಹುಡುಕಲು ತಂಡದವರು ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಇತಿಹಾಸವನ್ನು ಹಿಂದಕ್ಕೆ ಓದಿದರು. ಮೊದಲ ಆವೃತ್ತಿಯಲ್ಲಿ ದಾಖಲೆ ತರುವ ಫಂಕ್ಷನ್ ವಿಫಲವಾದಾಗ ‘ನನ್’ ಕೊಡುತ್ತಿತ್ತು, ಮತ್ತು ಈ ಕಾವಲು ಅದಕ್ಕೆ ತಕ್ಕುದಾಗಿಯೇ ಇತ್ತು. ಬಹಳ ಕಾಲದ ನಂತರ ಅದೇ ಫಂಕ್ಷನನ್ನು ಬಳಸುವ ಇನ್ನೊಂದು ವರದಿ ಪ್ರೋಗ್ರಾಂ ‘ನನ್’ ಸಿಕ್ಕಾಗ ದಾಖಲೆಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಫಾರ್ ಲೂಪಿನಲ್ಲಿ ಮುರಿದು ಬೀಳುತ್ತಿದ್ದುದರಿಂದ, ಯಾರೋ ಒಬ್ಬರು ‘ನನ್’ ಬದಲಿಗೆ ಖಾಲಿ ಪಟ್ಟಿ ಹೋಗುವಂತೆ ತಿದ್ದಿದ್ದರು. ಬದಲಾವಣೆಯ ಟಿಪ್ಪಣಿಯಲ್ಲಿ ಇದನ್ನು ಸುಧಾರಣೆ ಎಂದೇ ಬರೆಯಲಾಗಿತ್ತು.

ಪಟ್ಟಿ ಕೊಡಬೇಕಾದ ಫಂಕ್ಷನ್ ನಲ್ (‘ನನ್’ಗೆ ಬೇರೆ ಭಾಷೆಗಳಲ್ಲಿರುವ ಹೆಸರು) ಬದಲು ಖಾಲಿ ಪಟ್ಟಿಯನ್ನೇ ಕೊಡಲಿ ಎಂಬ ಸಲಹೆ ಹಲವು ಭಾಷೆಗಳ ಡೆವಲಪರ್‌ಗಳಲ್ಲಿ ಬೇರೂರಿದೆ, ಮತ್ತು ಒಳ್ಳೆಯ ಸಲಹೆಯೇ. ಆದರೆ ಅದು ಹೇಳುವುದು ಹುಡುಕಿದಾಗ ಏನೂ ಸಿಗದಿದ್ದ ಸಂದರ್ಭವನ್ನು ಕುರಿತು. ಹುಡುಕಲು ಆಗಲೇ ಇಲ್ಲ ಎಂಬ ಸಂದರ್ಭಕ್ಕೂ ಅದನ್ನೇ ಅನ್ವಯಿಸಿದಾಗ, ಅಂಚೆಯವನು ಬಂದ ಆದರೆ ಕಾಗದ ಇರಲಿಲ್ಲ ಎನ್ನುವುದೂ ಅಂಚೆಯವನು ಇವತ್ತು ಬರಲೇ ಇಲ್ಲ ಎನ್ನುವುದೂ ಒಂದೇ ಸುದ್ದಿಯಾಗಿಬಿಡುತ್ತದೆ. ಈ ಪ್ರಕರಣದಲ್ಲಿ ಮೂಲ ದೋಷ ಯಾವುದು ಎಂದು ಕೇಳಿದರೆ ನಾನು ಬೆರಳು ತೋರಿಸುವುದು ಈ ತಿದ್ದುಪಡಿಯತ್ತ. ನಂತರ ನಡೆದ ಚರ್ಚೆಗಳಲ್ಲಿ ಎಲ್ಲರ ಗಮನವನ್ನು ಸೆಳೆದ ‘ಇಫ್’ ಸಾಲಿನತ್ತ ಅಲ್ಲ.

ಮೊದಲ ತಿದ್ದುಪಡಿ

ಖಾತೆಗಳನ್ನು ಬ್ಯಾಕಪ್‌ನಿಂದ ಮರಳಿ ತೆರೆದದ್ದು ಅದೇ ದಿನ. ರದ್ದಾದ ಜಾಗಗಳಲ್ಲಿ ಕೆಲವಷ್ಟೇ ಮರಳಿ ಸಿಕ್ಕವು. ಕೋಡಿಗೆ ತುರ್ತಾಗಿ ಎರಡು ಸಾಲು ಸೇರಿದವು: ‘ಇಫ್ ನಾಟ್ ರೆಕಾರ್ಡ್ಸ್’, ಹಾಗಿದ್ದರೆ ಲಾಗಿನಲ್ಲಿ ಒಂದು ಎಚ್ಚರಿಕೆ ಬರೆದು ಆ ವಿಭಾಗವನ್ನು ಬಿಟ್ಟು ಮುಂದೆ ಹೋಗು.

ಈ ಎರಡು ಸಾಲುಗಳ ರಿವ್ಯೂನಲ್ಲಿ (ಸಹೋದ್ಯೋಗಿಗಳು ಕೋಡನ್ನು ಓದಿ ಒಪ್ಪುವ ಹಂತದಲ್ಲಿ) ನಡೆದ ಚರ್ಚೆಯನ್ನು ಉದ್ದಕ್ಕೂ ಓದಿದ್ದೇನೆ. ಅದರ ಬಹುಭಾಗ ‘ಇಫ್ ನಾಟ್ ರೆಕಾರ್ಡ್ಸ್’ ಎಂದು ಬರೆಯಬೇಕೋ, ‘ಲೆನ್’ ಬಳಸಿ ಉದ್ದ 0ಕ್ಕೆ ಸಮವೇ ಎಂದು ಕೇಳಬೇಕೋ ಎಂಬುದರ ಮೇಲೆಯೇ ಖರ್ಚಾಗಿದೆ. ಪೈಥಾನ್‌ನ ಶೈಲಿ ಮಾರ್ಗದರ್ಶಿಯಾದ ಪೆಪ್ 8 ಮೊದಲ ರೂಪವನ್ನು ಶಿಫಾರಸು ಮಾಡುತ್ತದೆ: ಖಾಲಿ ಪಟ್ಟಿ, ಖಾಲಿ ಟ್ಯೂಪಲ್ (ಬದಲಾಯಿಸಲಾಗದ ಪಟ್ಟಿ), ಖಾಲಿ ಸ್ಟ್ರಿಂಗ್ (ಅಕ್ಷರಸಾಲು) ಇವೆಲ್ಲ ಷರತ್ತಿನ ಜಾಗದಲ್ಲಿ ‘ಫಾಲ್ಸ್’ (ಇಲ್ಲ) ಎಂದೇ ಲೆಕ್ಕ, ಉದ್ದ ಎಣಿಸುವ ಅಗತ್ಯವಿಲ್ಲ. ಎರಡನೆಯ ರೂಪದ ಪರವಾಗಿ ಮಾತನಾಡಿದವರ ವಾದವೂ ಗಟ್ಟಿಯಾಗಿಯೇ ಇತ್ತು. ‘ನಾಟ್’ ಎಂಬುದು ‘ನನ್’ ಬಂದರೂ, 0 ಬಂದರೂ, ಖಾಲಿ ಸ್ಟ್ರಿಂಗ್ ಬಂದರೂ ಒಂದೇ ಬಾಗಿಲಿನಿಂದ ಒಳಗೆ ಬಿಡುತ್ತದೆ. ‘ಲೆನ್’ ಆದರೆ ‘ನನ್’ ಬಂದ ಕ್ಷಣದಲ್ಲೇ ಟೈಪ್‌ಎರರ್ ಎಂಬ ಎಕ್ಸೆಪ್ಶನ್ ಎಸೆದು ತಪ್ಪನ್ನು ಹೊರಗೆ ಹಾಕುತ್ತದೆ. ಪೈಥಾನ್‌ನಲ್ಲಿಯೇ ಈ ಉದಾರತೆಗೆ ಒಂದು ಹಳೆಯ ದೃಷ್ಟಾಂತವಿದೆ. 3.5 ಆವೃತ್ತಿಗೆ ಮುಂಚೆ ಡೇಟ್‌ಟೈಮ್ ಮಾಡ್ಯೂಲಿನ ‘ಟೈಮ್’ ವಸ್ತು ಯುಟಿಸಿಯ (ಜಾಗತಿಕ ಪ್ರಮಾಣ ಸಮಯದ) ಮಧ್ಯರಾತ್ರಿಯನ್ನು ಸೂಚಿಸುತ್ತಿದ್ದರೆ ಅದೂ ‘ಫಾಲ್ಸ್’ ಎಂದು ಲೆಕ್ಕವಾಗುತ್ತಿತ್ತು, ಅಂದರೆ ‘ಸಮಯ ಕೊಟ್ಟಿದ್ದಾರೆಯೇ’ ಎಂದು ಕೇಳುವ ಕೋಡಿಗೆ ಮಧ್ಯರಾತ್ರಿ ಮಾತ್ರ ‘ಕೊಟ್ಟಿಲ್ಲ’ ಎಂಬ ಉತ್ತರವಾಗುತ್ತಿತ್ತು.

ತಂಡದಲ್ಲಿ ಜಾವಾಸ್ಕ್ರಿಪ್ಟ್ ಹಿನ್ನೆಲೆಯವರೂ ಇದ್ದದ್ದರಿಂದ ಚರ್ಚೆಗೆ ಇನ್ನೊಂದು ಗಂಟು ಸೇರಿತು. ಅಲ್ಲಿ ಖಾಲಿ ಅರೇ (ಪೈಥಾನ್‌ನ ಪಟ್ಟಿಗೆ ಸಮಾನವಾದದ್ದು) ಷರತ್ತಿನಲ್ಲಿ ‘ಟ್ರೂ’ ಎಂದು ಲೆಕ್ಕ. ಖಾಲಿ ಎಂದು ತಿಳಿಯಬೇಕಾದರೆ ಅದರ ‘ಲೆಂಗ್ತ್’ ಅನ್ನೇ ಕೇಳಬೇಕು. ರೂಬಿಯಲ್ಲೂ ‘ನಿಲ್’ ಮತ್ತು ‘ಫಾಲ್ಸ್’ ಬಿಟ್ಟರೆ ಉಳಿದದ್ದೆಲ್ಲ ‘ಟ್ರೂ’. ಪೋರ್ಟಲಿನ ನಿರ್ವಹಣಾ ಪುಟದಲ್ಲಿ ‘ಈ ವಿಭಾಗದಲ್ಲಿ ಸದಸ್ಯರಿಲ್ಲ’ ಎಂಬ ಸಂದೇಶ ಎಂದೂ ಕಾಣಿಸಿಕೊಳ್ಳದೆ ಬರಿಯ ಬಿಳಿ ಪುಟ ಬರುತ್ತಿದ್ದುದಕ್ಕೆ ಕಾರಣ ಇದೇ ಎಂಬುದು ಈ ಮಾತುಕತೆಯ ಉಪಉತ್ಪನ್ನವಾಗಿ ಗೊತ್ತಾಯಿತು: ಯಾರೋ ಪೈಥಾನ್‌ನ ಅಭ್ಯಾಸದಲ್ಲಿ ಅರೇಯ ಹೆಸರಿನ ಮೊದಲು ‘ನಾಟ್’ ಎಂಬರ್ಥದ ಆಶ್ಚರ್ಯಸೂಚಕ ಚಿಹ್ನೆಯನ್ನಷ್ಟೇ ಹಾಕಿ ಬಿಟ್ಟಿದ್ದರು.

ಇದೆಲ್ಲ ಉಪಯುಕ್ತ ಚರ್ಚೆಯೇ. ಆದರೆ ಖಾಲಿಯಾಗಿದ್ದರೆ ಏನು ಮಾಡಬೇಕು ಎಂಬ ಎರಡನೆಯ ಸಾಲಿನ ಬಗ್ಗೆ, ಅಂದರೆ ‘ಬಿಟ್ಟು ಮುಂದೆ ಹೋಗು’ ಎಂಬುದರ ಬಗ್ಗೆ, ಆ ರಿವ್ಯೂನಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಿಲ್ಲ. ಕೊನೆಗೆ ಶೈಲಿ ಮಾರ್ಗದರ್ಶಿಯ ಮಾತಿಗೆ ಬೆಲೆ ಕೊಟ್ಟು ‘ಇಫ್ ನಾಟ್’ ರೂಪವನ್ನೇ ಒಪ್ಪಲಾಯಿತು.

ತಕ್ಕಡಿ ಇನ್ನೊಂದು ಬದಿಗೆ ವಾಲಿದ್ದು

ಕೆಲವು ತಿಂಗಳ ನಂತರ ಸಂಸ್ಥೆಯು ಸಣ್ಣ ವಿಭಾಗವೊಂದನ್ನು ಮುಚ್ಚಿತು. ನೋಂದಣಿ ವ್ಯವಸ್ಥೆ ಎಲ್ಲ ಸದಸ್ಯರನ್ನೂ ಕ್ರಮಬದ್ಧವಾಗಿ ತೆಗೆದುಹಾಕಿ, ಕೇಳಿದವರಿಗೆ ಸರಿಯಾಗಿಯೇ ಖಾಲಿ ಪಟ್ಟಿಯನ್ನು ಕೊಡತೊಡಗಿತು. ಹೊಸ ಕಾವಲು ಪ್ರತಿ ರಾತ್ರಿ ಅದನ್ನು ನೋಡಿ, ಎಚ್ಚರಿಕೆಯ ಸಾಲೊಂದನ್ನು ಬರೆದು, ಮುಂದೆ ಹೋಗುತ್ತಿತ್ತು. ಸದಸ್ಯರಲ್ಲದವರ ಖಾತೆಗಳು ಪೋರ್ಟಲಿನಲ್ಲಿ ಹಾಗೆಯೇ ತೆರೆದುಕೊಂಡಿದ್ದವು. ಪ್ರವೇಶದ ಹಕ್ಕುಗಳ ನಿಯಮಿತ ಪರಿಶೋಧನೆ ನಡೆದಾಗ ಮಾತ್ರ ಇದು ಕಣ್ಣಿಗೆ ಬಿತ್ತು. ಲಾಗಿನಲ್ಲಿ ಎಚ್ಚರಿಕೆಯ ಸಾಲು ದಿನವೂ ಇತ್ತು. ದಿನವೂ ಇದ್ದದ್ದರಿಂದ ಅದನ್ನು ಓದುವ ರೂಢಿ ಹೋಗಿತ್ತು.

ಮೊದಲ ಘಟನೆಯಲ್ಲಿ ವಿಫಲತೆಯನ್ನು ಖಾಲಿ ಎಂದು ಓದಲಾಗಿತ್ತು, ಎರಡನೆಯದರಲ್ಲಿ ನಿಜವಾದ ಖಾಲಿಯನ್ನು ವಿಫಲತೆ ಎಂದು ಓದಲಾಯಿತು. ಭದ್ರತೆಯ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಗಂಭೀರ ಎಂದು ಪರಿಶೋಧಕರು ಅಭಿಪ್ರಾಯಪಟ್ಟರು. ಗದ್ದಲವಿಲ್ಲದೆ ನಡೆಯುವ ತಪ್ಪು ಹೆಚ್ಚು ಕಾಲ ಉಳಿಯುತ್ತದೆ ಎಂಬ ಅವರ ತರ್ಕವನ್ನು ನಾನೂ ಒಪ್ಪುತ್ತೇನೆ.

ಆಗ ಮುಂದೆ ಬಂದ ಸಲಹೆ ಎರಡು. ಖಾಲಿ ಬಂದರೆ ಯಾವಾಗಲೂ ಎಕ್ಸೆಪ್ಶನ್ ಎಸೆಯೋಣ ಎಂದರು ಒಬ್ಬರು. ಸಣ್ಣ ವಿಭಾಗಗಳು ಆಗಾಗ ನಿಜವಾಗಿಯೂ ಖಾಲಿಯಾಗುತ್ತಿದ್ದುದರಿಂದ ಇದು ಪ್ರತಿ ವಾರ ಸುಳ್ಳು ಗಂಟೆ ಬಾರಿಸುತ್ತಿತ್ತು. ಮುಚ್ಚಿದ ವಿಭಾಗಗಳ ಪ್ರತ್ಯೇಕ ಪಟ್ಟಿಯನ್ನು ಕೈಯಿಂದಲೇ ಇಟ್ಟುಕೊಂಡು ಅವುಗಳಿಗೆ ಮಾತ್ರ ಕಾವಲನ್ನು ಸಡಿಲಿಸೋಣ ಎಂದರು ಇನ್ನೊಬ್ಬರು. ತಾತ್ಕಾಲಿಕವಾಗಿ ಇದನ್ನೇ ಆರಿಸಿಕೊಳ್ಳಲಾಯಿತು. ಈ ಹಂತದಲ್ಲೂ ದಾಖಲೆ ತರುವ ಫಂಕ್ಷನ್ ಎಕ್ಸೆಪ್ಶನ್ ಅನ್ನು ನುಂಗುತ್ತಲೇ ಇತ್ತು. ಅದನ್ನು ಮುಟ್ಟಿದರೆ ವರದಿ ಪ್ರೋಗ್ರಾಂ ಮುರಿಯುತ್ತದೆ ಎಂಬ ಭಯ ಎಲ್ಲರಿಗೂ ಇತ್ತು.

ಜನರೇಟರ್ ತಂದ ತಿರುವು

ಪ್ರಕರಣದ ನಿಜವಾದ ತಿರುವು ಬಂದದ್ದು ಖಾಲಿತನಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಒಂದು ಬದಲಾವಣೆಯಿಂದ. ದೊಡ್ಡ ವಿಭಾಗಗಳ ದಾಖಲೆಗಳನ್ನೆಲ್ಲ ಒಟ್ಟಿಗೆ ಮೆಮೊರಿಗೆ ತಂದುಕೊಳ್ಳುವುದು ಭಾರವಾಗುತ್ತಿದೆ ಎಂದು ಡೆವಲಪರ್ ಒಬ್ಬರು ಆ ಫಂಕ್ಷನನ್ನು ಜನರೇಟರ್ ಆಗಿ ಬದಲಿಸಿದರು. ಪಟ್ಟಿಯನ್ನು ಕಟ್ಟಿ ‘ರಿಟರ್ನ್’ ಮಾಡುವ ಬದಲು ಪುಟ ಬಂದಂತೆ ಒಂದೊಂದೇ ದಾಖಲೆಯನ್ನು ‘ಯೀಲ್ಡ್’ ಮಾಡುವುದು. ಬದಲಾದ ಸಾಲುಗಳು ಬೆರಳೆಣಿಕೆಯಷ್ಟು. ಕೋಡನ್ನು ಪರೀಕ್ಷಿಸುವ ಟೆಸ್ಟುಗಳೆಲ್ಲ ಪಾಸಾಗಿ ಹಸಿರಾಗಿದ್ದವು.

ಪ್ರಾಯೋಗಿಕ ಸರ್ವರಿನಲ್ಲಿ ಇದನ್ನು ಓಡಿಸಿದಾಗ ಎಲ್ಲ ವಿಭಾಗಗಳ ಎಲ್ಲ ಖಾತೆಗಳೂ ನಿಷ್ಕ್ರಿಯವಾದವು. ಈ ಬಾರಿ ನೋಂದಣಿ ವ್ಯವಸ್ಥೆ ಆರೋಗ್ಯವಾಗಿತ್ತು, ಸಾವಿರಾರು ದಾಖಲೆಗಳನ್ನು ಕೊಟ್ಟಿತ್ತು ಕೂಡ.

ಇಲ್ಲಿ ಒಳಗಿನ ನಡೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಜನರೇಟರ್ ಎಂಬುದು ದಾಖಲೆಗಳ ಸಂಗ್ರಹವಲ್ಲ. ಕೇಳಿದಾಗ ಮುಂದಿನದನ್ನು ಕೊಡುವ ವಸ್ತು. ತನ್ನಲ್ಲಿ ಎಷ್ಟಿದೆ ಎಂಬುದು ಅದಕ್ಕೇ ಗೊತ್ತಿರುವುದಿಲ್ಲ, ಆದ್ದರಿಂದ ‘ಲೆನ್’ ಅದಕ್ಕೆ ಅನ್ವಯಿಸುವುದಿಲ್ಲ, ಮತ್ತು ಷರತ್ತಿನ ಜಾಗದಲ್ಲಿ ಅದು ಯಾವಾಗಲೂ ‘ಟ್ರೂ’. ಹಾಗಾಗಿ ‘ಇಫ್ ನಾಟ್ ರೆಕಾರ್ಡ್ಸ್’ ಎಂಬ ಕಾವಲು ಅಕ್ಷರವೂ ಬದಲಾಗದೆ, ಯಾವ ದೋಷವನ್ನೂ ತೋರಿಸದೆ, ಸತ್ತುಹೋಯಿತು. ‘ಲೆನ್’ ಬಳಸಿದ್ದರೆ ಕೂಡಲೇ ಟೈಪ್‌ಎರರ್ ಬರುತ್ತಿತ್ತು ಎಂಬುದನ್ನು ಹಿಂದಿನ ಚರ್ಚೆಯಲ್ಲಿ ಸೋತವರು ನೆನಪಿಸದೆ ಬಿಡಲಿಲ್ಲ, ಮತ್ತು ಈ ಮಟ್ಟಿಗೆ ಅವರ ಮಾತು ಸರಿ. ನಂತರ ಪರಿಶೀಲನೆಯ ಹೆಜ್ಜೆ ಬಂತು. ‘ಆಲ್’ ಒಂದೊಂದೇ ದಾಖಲೆಯನ್ನು ಕೇಳಿ ಪಡೆದು ನೋಡುತ್ತ ಕೊನೆಯವರೆಗೂ ಹೋಯಿತು. ಎಲ್ಲವೂ ಸರಿಯಾಗಿದ್ದುದೇ ಇಲ್ಲಿ ತೊಂದರೆಯಾಯಿತು, ಏಕೆಂದರೆ ಆ ಹೊತ್ತಿಗೆ ಜನರೇಟರ್ ಪೂರ್ತಿ ಬಸಿದುಹೋಗಿತ್ತು. ಹೋಲಿಕೆಯ ಹೆಜ್ಜೆ ಅದೇ ವಸ್ತುವನ್ನು ಮತ್ತೆ ಕೇಳಿದಾಗ ಏನೂ ಬರಲಿಲ್ಲ. ಬಸಿದುಹೋದ ಜನರೇಟರ್ ಮೊದಲಿನಿಂದಲೇ ಖಾಲಿಯಾಗಿದ್ದ ಜನರೇಟರಿನಂತೆಯೇ ವರ್ತಿಸುತ್ತದೆ; ಎರಡನ್ನೂ ಬೇರೆ ಮಾಡಿ ಹೇಳುವ ಗುರುತು ಸಾಮಾನ್ಯ ಲೂಪಿಗೆ ಸಿಗುವುದಿಲ್ಲ.

ಟೆಸ್ಟುಗಳು ಇದನ್ನು ಹಿಡಿಯದೆ ಇದ್ದುದಕ್ಕೆ ಕಾರಣ ಸರಳ. ಅವುಗಳಲ್ಲಿ ದಾಖಲೆ ತರುವ ಫಂಕ್ಷನಿನ ಜಾಗದಲ್ಲಿ ಕೂರಿಸಿದ್ದ ನಕಲಿ ಫಂಕ್ಷನ್ ಇನ್ನೂ ಪಟ್ಟಿಯನ್ನೇ ಕೊಡುತ್ತಿತ್ತು.

ಈ ಘಟನೆಯವರೆಗೂ ತಂಡದವರು ಖಾಲಿತನವನ್ನು ದತ್ತಾಂಶದ ಗುಣ ಎಂದು ಭಾವಿಸಿದ್ದರು. ಬಂದದ್ದನ್ನು ಬಾಗಿಲಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಕು, ಒಳಗೆ ಅದು ಬದಲಾಗದು ಎಂಬ ನಂಬಿಕೆ ಅದು. ಬಾಗಿಲಲ್ಲಿ ತುಂಬಿದ್ದದ್ದು ನಡುಮನೆಯಲ್ಲಿ ಬರಿದಾದದ್ದನ್ನು ಕಂಡ ಮೇಲೆ ಪ್ರಶ್ನೆಯೇ ಬೇರೆಯಾಯಿತು. ಬಹು ಥ್ರೆಡ್‌ಗಳ (ಒಟ್ಟೊಟ್ಟಿಗೆ ಓಡುವ ಎಳೆಗಳ) ಕೋಡ್ ಬರೆಯುವವರಿಗೆ ಈ ಅನುಭವ ಹಳೆಯದು. ಹಂಚಿಕೊಂಡ ಸರತಿಯೊಂದನ್ನು ‘ಈಸ್‌ಎಂಪ್ಟಿ’ ಎಂದು ಕೇಳಿ, ಇಲ್ಲ ಎಂಬ ಉತ್ತರ ಪಡೆದು, ತೆಗೆಯಲು ಹೋಗುವಷ್ಟರಲ್ಲಿ ಇನ್ನೊಂದು ಥ್ರೆಡ್ ಕೊನೆಯ ಅಂಶವನ್ನು ಎತ್ತಿಕೊಂಡು ಹೋಗಿರಬಹುದು. ಅಲ್ಲಿ ಕೇಳದೆಯೇ ‘ಪೋಲ್’ ಮಾಡಿ, ಅಂದರೆ ನೇರವಾಗಿ ತೆಗೆಯಲು ಹೋಗಿ, ಏನು ಸಿಕ್ಕಿತು ಎಂದು ನೋಡುವುದೇ ಕ್ಷೇಮ. ಇಲ್ಲಿ ಇನ್ನೊಂದು ಥ್ರೆಡ್ ಇರಲಿಲ್ಲ, ಪ್ರೋಗ್ರಾಮಿನದೇ ಹಿಂದಿನ ಹೆಜ್ಜೆ ಆ ಕೆಲಸ ಮಾಡಿತ್ತು.

ಪುನರ್ರಚನೆ

ಜನರೇಟರನ್ನು ಉಳಿಸಿಕೊಂಡೇ ಖಾಲಿತನವನ್ನು ಪರೀಕ್ಷಿಸುವ ಉಪಾಯಗಳಿವೆ. ‘ನೆಕ್ಸ್ಟ್’ನಿಂದ ಮೊದಲ ದಾಖಲೆಯನ್ನು ತೆಗೆದು ನೋಡಿ, ಇದ್ದರೆ ಅದನ್ನು ‘ಇಟರ್‌ಟೂಲ್ಸ್’ನ ‘ಚೈನ್’ ಬಳಸಿ ಮತ್ತೆ ಮುಂದಕ್ಕೆ ಜೋಡಿಸಬಹುದು. ಒಂದು ಕರಡು ಹೀಗೆಯೇ ಸಿದ್ಧವಾಯಿತು ಕೂಡ. ಅದನ್ನು ಕೈಬಿಡಲು ಕಾರಣ ಹಿರಿಯ ಡೆವಲಪರ್ ಒಬ್ಬರು ಎತ್ತಿದ ಸಾದಾ ಪ್ರಶ್ನೆ: ಮೆಮೊರಿ ಹೋಗುತ್ತಿರುವುದು ಯಾತಕ್ಕೆ? ಅಳೆದು ನೋಡಿದರೆ ಪ್ರತಿ ದಾಖಲೆಯೊಂದಿಗೆ ಸದಸ್ಯರ ಪೂರ್ಣ ವಿವರ ಮತ್ತು ಭಾವಚಿತ್ರ ಬರುತ್ತಿತ್ತು. ಹೋಲಿಕೆಗೆ ಬೇಕಾದದ್ದು ಸದಸ್ಯ ಸಂಖ್ಯೆ ಮಾತ್ರ. ಸಂಖ್ಯೆಗಳ ಸೆಟ್ ಒಂದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ಭಾರವೇ ಆಗಿರಲಿಲ್ಲ.

ಹೊಸ ವಿನ್ಯಾಸದಲ್ಲಿ ದಾಖಲೆ ತರುವ ಭಾಗ ಎಕ್ಸೆಪ್ಶನ್ ಹಿಡಿಯುವುದನ್ನು ನಿಲ್ಲಿಸಿತು. ವರದಿ ಪ್ರೋಗ್ರಾಮಿಗೆ ಅದರದೇ ಆದ ಸಣ್ಣ ಹೊದಿಕೆ ಫಂಕ್ಷನನ್ನು ಬರೆದುಕೊಡಲಾಯಿತು, ಅಷ್ಟು ದಿನದ ಭಯಕ್ಕೆ ಬೇಕಾದದ್ದು ಅಷ್ಟೇ ಕೆಲಸವಾಗಿತ್ತು. ಯಶಸ್ವಿಯಾದಾಗ ಬರಿಯ ಪಟ್ಟಿಯ ಬದಲು ಒಂದು ಫಲಿತಾಂಶ ವಸ್ತು ಬರತೊಡಗಿತು. ಅದರಲ್ಲಿ ಸದಸ್ಯ ಸಂಖ್ಯೆಗಳ ಬದಲಾಯಿಸಲಾಗದ ಸೆಟ್, ಕೊನೆಯ ಪುಟದವರೆಗೂ ಓದಲಾಯಿತೇ ಎಂಬ ಗುರುತು, ಮತ್ತು ಒಟ್ಟು ಎಷ್ಟು ದಾಖಲೆಗಳಿವೆ ಎಂದು ನೋಂದಣಿ ವ್ಯವಸ್ಥೆಯೇ ಪ್ರತಿ ಪುಟದೊಂದಿಗೆ ಕಳುಹಿಸುವ ಸಂಖ್ಯೆ ಇರುತ್ತವೆ. ಈ ಒಟ್ಟು ಸಂಖ್ಯೆ ಮೊದಲಿನಿಂದಲೂ ಉತ್ತರದಲ್ಲಿ ಬರುತ್ತಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಈಗ ಕೈಗೆ ಬಂದ ದಾಖಲೆಗಳ ಎಣಿಕೆ ಅದಕ್ಕೆ ಸರಿಹೊಂದಿದರೆ ಮಾತ್ರ ಹೋಲಿಕೆಗೆ ಅನುಮತಿ. ಖಾಲಿ ಸೆಟ್ ಬಂದು, ನೋಂದಣಿ ವ್ಯವಸ್ಥೆಯೂ ಒಟ್ಟು 0 ಎಂದೇ ಹೇಳಿದ್ದರೆ, ಅದು ನಿಜವಾದ ಖಾಲಿ. ಮುಚ್ಚಿದ ವಿಭಾಗಗಳ ಕೈಬರಹದ ಪಟ್ಟಿಗೆ ಇದರಿಂದ ಕೆಲಸವಿಲ್ಲದಾಯಿತು.

ಪರಿಶೀಲನೆಯ ಫಂಕ್ಷನ್ ‘ಎಲ್ಲವೂ ಸರಿ’ ಎಂದು ಹೇಳುವುದನ್ನು ಬಿಟ್ಟು ‘ಇಷ್ಟರಲ್ಲಿ ಇಷ್ಟು ಸರಿ’ ಎಂದು ಹೇಳುವಂತೆ ಬದಲಾಯಿತು. ಮೊದಲ ರಾತ್ರಿಯ ಲಾಗಿನಲ್ಲಿ ‘ಎಲ್ಲ ದಾಖಲೆಗಳೂ ಸರಿಯಾಗಿವೆ’ ಎಂಬ ಸಾಲಿನ ಬದಲು ‘0ರಲ್ಲಿ 0 ಸರಿ’ ಎಂದಿದ್ದರೆ, ಕಣ್ಣಾಡಿಸಿದವರು ಅಲ್ಲೇ ನಿಲ್ಲುತ್ತಿದ್ದರು.

ಇವುಗಳ ಮೇಲೆ ಒಂದು ಬ್ರೇಕ್: ಒಂದೇ ಓಟದಲ್ಲಿ ನಿಷ್ಕ್ರಿಯವಾಗಬೇಕಾದ ಖಾತೆಗಳ ಪ್ರಮಾಣ ನಿಗದಿತ ಮಿತಿಯನ್ನು ಮೀರಿದರೆ, ಮನುಷ್ಯರೊಬ್ಬರು ನೋಡಿ ಒಪ್ಪುವವರೆಗೂ ಕೆಲಸ ನಿಲ್ಲುತ್ತದೆ. ಜೊತೆಗೆ ಇಮೇಲ್ ಕಳುಹಿಸುವುದು ಮತ್ತು ಜಾಗ ರದ್ದು ಮಾಡುವುದನ್ನು ಮರುರಾತ್ರಿಯ ಓಟಕ್ಕೆ ಮುಂದೂಡಲಾಯಿತು. ಎರಡು ರಾತ್ರಿಯೂ ಸದಸ್ಯರ ಹೆಸರು ನೋಂದಣಿಯಲ್ಲಿ ಇಲ್ಲದಿದ್ದರೆ ಮಾತ್ರ ಮರಳಿ ಪಡೆಯಲಾಗದ ಆ ಕೆಲಸಗಳು ನಡೆಯುತ್ತವೆ. ಮಿತಿ ಎಷ್ಟಿರಬೇಕು ಎಂಬುದರ ಮೇಲೆ ಒಮ್ಮತ ಬರಲಿಲ್ಲ. ತೀರ ಕಡಿಮೆ ಇಟ್ಟರೆ ಅನುಮತಿಯ ಗುಂಡಿಯನ್ನು ಒತ್ತುವುದು ಅಭ್ಯಾಸಬಲವಾಗುತ್ತದೆ ಎಂಬ ಆಕ್ಷೇಪಣೆ ಸಕಾರಣವಾಗಿತ್ತು, ವಿಭಾಗದ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಮಿತಿ ಇಡುವುದರಲ್ಲಿ ಚರ್ಚೆ ಮುಗಿಯಿತು.

ಆಮೇಲೆ ನಡೆದದ್ದು

ನೋಂದಣಿ ವ್ಯವಸ್ಥೆಯ ಟೈಮ್‌ಔಟ್‌ಗಳು ನಂತರವೂ ಬಂದವು. ಪ್ರತಿ ಸಲವೂ ಆ ವಿಭಾಗದ ಓಟ ದೋಷದೊಂದಿಗೆ ನಿಂತು, ಕರ್ತವ್ಯದಲ್ಲಿದ್ದವರಿಗೆ ಸಂದೇಶ ಹೋಗಿ, ಮರಳಿ ಓಡಿಸಿದಾಗ ಸರಿಯಾಯಿತು. ಇನ್ನೊಂದು ವಿಭಾಗ ಮುಚ್ಚಿದಾಗ ಖಾಲಿ ಸೆಟ್ ಮತ್ತು ಒಟ್ಟು 0 ಎರಡೂ ಬಂದವು. ಅಲ್ಲಿದ್ದ ಖಾತೆಗಳಷ್ಟೂ ಹೋಗಬೇಕಾಗಿದ್ದರಿಂದ ಬ್ರೇಕ್ ಕೂಡ ಬಿತ್ತು, ನೋಂದಣಿ ತಂಡಕ್ಕೆ ಒಂದು ಫೋನ್ ಕರೆ ಮಾಡಿ ಅನುಮತಿ ಕೊಡಲಾಯಿತು.

ಇದರಿಂದ ತಿಳಿಯುವುದು

ಖಾಲಿಯೇ ಎಂದು ಕೇಳುವ ಸಾಲಿನ ರೂಪಕ್ಕಿಂತ ಆ ಉತ್ತರದ ಮೇಲೆ ಏನು ನಿಂತಿದೆ ಎಂಬುದು ಇಲ್ಲಿ ಹೆಚ್ಚು ತೂಗುತ್ತದೆ. ಪರದೆಯ ಮೇಲೆ ‘ಫಲಿತಾಂಶಗಳಿಲ್ಲ’ ಎಂದು ತೋರಿಸುವ ಕೋಡಿಗೆ ‘ಇಫ್ ನಾಟ್’ ಧಾರಾಳವಾಗಿ ಸಾಕು. ಅಳಿಸುವ, ರದ್ದು ಮಾಡುವ, ಎಲ್ಲರಿಗೂ ಕಳುಹಿಸುವ ಕೋಡಿಗೆ ಏಕೆ ಖಾಲಿ ಎಂಬುದೂ ಬೇಕು, ಮತ್ತು ಆ ಕಾರಣ ಗೊತ್ತಿರುವುದು ದಾಖಲೆ ತಂದ ಭಾಗಕ್ಕೆ ಮಾತ್ರ. ಅದು ಬಿಟ್ಟುಕೊಟ್ಟ ಮಾಹಿತಿಯನ್ನು ಕೆಳಗಿನ ಯಾವ ‘ಇಫ್’ ಕೂಡ ಊಹಿಸಿ ಮರಳಿ ಪಡೆಯಲಾರದು. ಪೈಥಾನ್‌ನ ಪಾಂಡಾಸ್ ಗ್ರಂಥಾಲಯದ ಡೇಟಾಫ್ರೇಮ್ (ದತ್ತಾಂಶದ ಕೋಷ್ಟಕ) ಅನ್ನು ನೇರವಾಗಿ ಷರತ್ತಿನಲ್ಲಿ ಇಟ್ಟರೆ ಅದು ‘ಟ್ರೂ’ ಅಥವಾ ‘ಫಾಲ್ಸ್’ ಎನ್ನದೆ ವ್ಯಾಲ್ಯೂಎರರ್ ಎಸೆದು, ನಿಮ್ಮ ಪ್ರಶ್ನೆ ಸ್ಪಷ್ಟವಿಲ್ಲ, ‘ಎಂಪ್ಟಿ’, ‘ಎನಿ’, ‘ಆಲ್’ ಇವುಗಳಲ್ಲಿ ಬೇಕಾದುದನ್ನು ಕೇಳಿ ಎಂದು ತಿರುಗಿ ಹೇಳುತ್ತದೆ. ಹೊಸಬರಿಗೆ ಕಿರಿಕಿರಿಯಾಗುವ ಈ ನಡವಳಿಕೆ ನನಗೆ ಪ್ರಾಮಾಣಿಕವಾಗಿ ಕಾಣುತ್ತದೆ.

ಖಾಲಿ ಎಂದರೆ ‘ಯಾರೂ ಇಲ್ಲ’ವೋ ‘ಎಲ್ಲರೂ’ ಎಂದೋ ಎಂಬ ಗೊಂದಲ ಈ ಸಂಸ್ಥೆಗೆ ಸೀಮಿತವಲ್ಲ. ಸರ್ವರ್‌ಗಳಲ್ಲಿ ಪ್ರೋಗ್ರಾಂಗಳನ್ನು ನಡೆಸಿ ನೋಡಿಕೊಳ್ಳುವ ಕುಬರ್ನೆಟೀಸ್‌ನಲ್ಲಿ ಖಾಲಿ ಲೇಬಲ್ ಸೆಲೆಕ್ಟರ್ (ಲೇಬಲ್ ನೋಡಿ ವಸ್ತುಗಳನ್ನು ಆರಿಸುವ ಷರತ್ತು) ಎಲ್ಲ ವಸ್ತುಗಳಿಗೂ ಹೊಂದುತ್ತದೆ, ನಲ್ ಸೆಲೆಕ್ಟರ್ ಯಾವುದಕ್ಕೂ ಹೊಂದುವುದಿಲ್ಲ. ಒಳಬಂದದ್ದನ್ನು ಇನ್ನೊಂದು ಆಜ್ಞೆಗೆ ಒದಗಿಸುವ ಗ್ನೂ ‘ಎಕ್ಸ್‌ಆರ್ಗ್ಸ್’ಗೆ ಒಳಹರಿವಿನಲ್ಲಿ ಏನೂ ಬರದಿದ್ದರೂ ಅದು ಕೊಟ್ಟ ಆಜ್ಞೆಯನ್ನು ಒಮ್ಮೆ ಓಡಿಸಿಯೇ ಬಿಡುತ್ತದೆ, ಬೇಡವೆಂದರೆ ಅದಕ್ಕೆಂದೇ ಇರುವ ಆಯ್ಕೆಯನ್ನು ಸೇರಿಸಬೇಕು. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗಳಲ್ಲಿ ‘ಈ ಪಟ್ಟಿಯಲ್ಲಿರುವವು’ ಎಂಬ ಷರತ್ತನ್ನು ಹೇಳುವ ‘ಇನ್’ ಮುಂದೆ ಖಾಲಿ ಆವರಣ ಬಂದರೆ ವ್ಯಾಕರಣದ ದೋಷ. ಅದನ್ನು ತಪ್ಪಿಸಲು ಅನೇಕರು ಪಟ್ಟಿ ಖಾಲಿಯಿದ್ದರೆ ಆ ಷರತ್ತನ್ನೇ ಕೈಬಿಡುವಂತೆ ಕೋಡ್ ಬರೆಯುತ್ತಾರೆ, ಆಗ ಯಾರನ್ನೂ ಆರಿಸದಿದ್ದ ಬಳಕೆದಾರರಿಗೆ ಇಡೀ ಕೋಷ್ಟಕವೇ ಸಿಗುತ್ತದೆ. ಇದೇ ಸಂಸ್ಥೆಯ ಉಳಿದ ಕೋಡಿನಲ್ಲಿ ಹುಡುಕಿದಾಗ ಈ ಕೊನೆಯ ಮಾದರಿ ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿತು, ಅದರಲ್ಲಿ ಒಂದು ಇಮೇಲ್ ಕಳುಹಿಸುವ ಪುಟದಲ್ಲಿತ್ತು.

ಟೆಸ್ಟುಗಳ ವಿಷಯದಲ್ಲಿ ತಂಡ ಒಂದು ನಿಯಮ ಮಾಡಿಕೊಂಡಿತು. ಸಂಗ್ರಹವನ್ನು ಪಡೆಯುವ ಯಾವುದೇ ಫಂಕ್ಷನಿಗೆ ಖಾಲಿ ಪಟ್ಟಿ, ‘ನನ್’, ಒಮ್ಮೆ ಬಸಿದ ಜನರೇಟರ್ ಮತ್ತು ನಡುವೆಯೇ ಎಕ್ಸೆಪ್ಶನ್ ಎಸೆಯುವ ಜನರೇಟರ್ ಇಷ್ಟನ್ನೂ ಕೊಟ್ಟು ನೋಡಬೇಕು. ನಾಲ್ಕನೆಯದು ಹಿಡಿದ ದೋಷಗಳೇ ಹೆಚ್ಚು, ಏಕೆಂದರೆ ಅರ್ಧ ಬಂದ ಪಟ್ಟಿ ಯಾವ ಖಾಲಿತನದ ಕಾವಲಿಗೂ ಸಿಕ್ಕಿಬೀಳುವುದಿಲ್ಲ.

ಬಗೆಹರಿಯದೆ ಉಳಿದ ಅಂಶವೂ ಒಂದಿದೆ. ನೋಂದಣಿ ವ್ಯವಸ್ಥೆ ಹೇಳುವ ಒಟ್ಟು ಸಂಖ್ಯೆ ಮತ್ತು ಅದು ಕೊಡುವ ದಾಖಲೆಗಳು ಎರಡೂ ಒಂದೇ ಡೇಟಾಬೇಸ್ ಪ್ರತಿಯಿಂದ ಬರುತ್ತವೆ. ಆ ಪ್ರತಿಯೇ ಬರಿದಾಗಿದ್ದರೆ ಎರಡೂ ಒಟ್ಟಿಗೆ 0 ಎನ್ನುತ್ತವೆ, ಪೂರ್ಣವಾಗಿ ಓದಲಾಯಿತು ಎಂಬ ಗುರುತೂ ಸೇರಿ ಎಲ್ಲವೂ ಸರಿಹೊಂದುತ್ತದೆ. ಅಂಥ ರಾತ್ರಿ ಪ್ರೋಗ್ರಾಮಿಗೂ ಸದಸ್ಯರ ಖಾತೆಗಳಿಗೂ ನಡುವೆ ಇರುವುದು ಪ್ರಮಾಣದ ಬ್ರೇಕ್ ಮತ್ತು ಅನುಮತಿಯ ಗುಂಡಿಯ ಮುಂದೆ ಕುಳಿತವರು ಮಾತ್ರ. ಸ್ವತಂತ್ರ ಆಕರವೊಂದರಿಂದ ಎಣಿಕೆ ತರಿಸುವ ಪ್ರಸ್ತಾವ ಈಗಲೂ ನೋಂದಣಿ ತಂಡದ ಮುಂದಿದೆ.